ನಾಲಿಗೆಗೂ ಎದೆಗೂ ಎಂತ ಸಂಬಂಧ?

ದಿಲ್ಲಿಯ ಮುನಿರ್ಕಾದ ಗಲ್ಲಿಯಲ್ಲಿ ದೋಸೆ ಹೋಟೆಲು ನಡೆಸುವ ಐತಪ್ಪನ ನಾಲಿಗೆಯಲ್ಲಿ ಎದ್ದ ಕ್ಯಾನ್ಸರ್ ಹುಣ್ಣನ್ನು ಹೋದ ವರ್ಷ ಆಪರೇಷನ್ ಮಾಡಿ ತೆಗೆದಿದ್ದರು. ಅವನು ಹೊಗೆಸೊಪ್ಪು ಬಿಟ್ಟ, ಮತ್ತೆ ಒಲೆಯ ಮುಂದೆ ನಿಂತ. ಡಾಕ್ಟರು ಹೇಳಿದ ತಪಾಸಣೆಗೆ ಮಾತ್ರ ಹೋಗಲಿಲ್ಲ.

"ಸಾಂಬಾರಿನ ಉಪ್ಪು ಹುಳಿ ನನಗೆ ಸರಿಯಾಗಿ ಗೊತ್ತಾಗ್ತದೆ ಮಾರಾಯ್ತಿ. ಇದಕ್ಕಿಂತ ದೊಡ್ಡ ಟೆಸ್ಟ್ ಉಂಟಾ?" ಎಂದು ಹೆಂಡತಿ ಚಂಪಾಳ ಬಾಯಿ ಮುಚ್ಚಿಸುತ್ತಿದ್ದ.

ಈಚೆಗೆ ಚಂಪಾಳಿಗೆ ಅವನ ಉಸಿರಿನದೇ ಚಿಂತೆ. ಹಿಟ್ಟಿನ ಪಾತ್ರೆ ಎತ್ತಿದರೆ ಏದುಸಿರು. ಮಲಗಿದರೆ ಎದೆ ಡವಡವ. ಕಾಲು ಬೇರೆ ಬಾತಿತ್ತು.

"ದಿಲ್ಲಿಯ ಹೊಗೆ. ಊರಿಗೆಲ್ಲ ಇದೆ, ನನಗೊಬ್ಬನಿಗಾ?" ಎನ್ನುತ್ತಿದ್ದ ಐತಪ್ಪ.

ಭಾನುವಾರ ಕಿದ್ವಾಯಿ ನಗರದಿಂದ ಶ್ರೀಲಕ್ಷ್ಮಿ ತಿಂಡಿಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಚಂಪಾಳ ಹಳೆಯ ಗೆಳತಿ. ಚಟ್ನಿ ಬಡಿಸುತ್ತಲೇ ಚಂಪಾ ಎಲ್ಲ ಹೇಳಿಕೊಂಡಳು.

"ಐತಪ್ಪಣ್ಣ, ಉಸಿರಿನ ತೊಂದ್ರೆ ಡಾಕ್ಟರಿಗೆ ತೋರಿಸಿದ್ರಾ?"

"ಗಲ್ಲಿಯ ಡಾಕ್ಟರು ಗ್ಯಾಸ್ ಅಂದ್ರು."

"ಆಪರೇಷನ್ ಆದದ್ದು ಅವರಿಗೆ ಹೇಳಿದ್ರಾ?"

"ಇಲ್ಲ. ನಾಲಿಗೆಗೂ ಎದೆಗೂ ಎಂತ ಸಂಬಂಧ?"

"ಇದೆ ಅಣ್ಣ. ಬಾಯಿ, ಗಂಟಲಿನ ಕ್ಯಾನ್ಸರ್ ರಕ್ತದ ಜೊತೆ ಬೇರೆ ಕಡೆಗೂ ಹೋಗಬಹುದು. ಹೆಚ್ಚಾಗಿ ಶ್ವಾಸಕೋಶಕ್ಕೆ. ಹೃದಯಕ್ಕೆ ಹೋಗೋದು ತುಂಬಾ ಅಪರೂಪ, ಆದರೆ ಹೋಗಲ್ಲ ಅನ್ನೋ ಹಾಗಿಲ್ಲ. ನಿಮ್ಮದು ಬೇರೇನೋ ಇರಬಹುದು. ನೋಡದೆ ಹೇಗೆ ಹೇಳೋದು? ಎಕೋ ಅಂತ ಹೃದಯದ ಸ್ಕ್ಯಾನ್ ಮಾಡ್ತಾರೆ, ನೋವೇ ಇಲ್ಲ. ಇವತ್ತೇ ಹೋಗೋಣ."

"ಭಾನುವಾರದ ಗಿರಾಕಿಗಳನ್ನು ಬಿಟ್ಟಾ?"

ಚಂಪಾ ಕಾವಲಿಯ ಕೆಳಗಿನ ಉರಿ ಆರಿಸಿದಳು. "ಚಲೋ, ಏಳಿ. ನಾಳೆಯಿಂದ ದೋಸೆ ನಾನು ಹಾಕ್ತೇನೆ. ನಿಮ್ಮಷ್ಟು ತೆಳು ಬರಲಿಕ್ಕಿಲ್ಲ, ತಿನ್ನುವವರು ತಿನ್ನಲಿ."

ಐತಪ್ಪನಿಗೆ ನಗು ಬಂತು. ಆದರೆ ನಗಲು ಉಸಿರು ಸಾಲಲಿಲ್ಲ. ಹೆಂಡತಿಯ ಮುಖ ನೋಡಿದ. ಚಪ್ಪಲಿ ಮೆಟ್ಟಿದ.

ಎಕೋದಲ್ಲಿ ಹೃದಯದ ಸುತ್ತ ನೀರು, ಅದರ ಗೋಡೆಯಲ್ಲೊಂದು ಸಣ್ಣ ಗಡ್ಡೆ ಕಂಡವು. ಹಳೆಯ ಕ್ಯಾನ್ಸರೇ ಅಲ್ಲಿಗೆ ಹೋಗಿತ್ತೆಂದು ಮುಂದಿನ ಪರೀಕ್ಷೆಗಳಲ್ಲಿ ತಿಳಿಯಿತು. ನೀರು ತೆಗೆದ ಮೇಲೆ ಉಸಿರು ಹಗುರವಾಯಿತು, ಔಷಧಿ ಶುರುವಾಯಿತು. ಪೂರ್ತಿ ಗುಣವಾಗುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ಈಗ ಆಸ್ಪತ್ರೆಗೆ ಪ್ರತಿ ಸಲವೂ ಚಂಪಾ ಜೊತೆಗೆ ಹೋಗುತ್ತಾಳೆ. ಮೆಟ್ರೋದಲ್ಲಿ ದಾರಿಯುದ್ದಕ್ಕೂ ಅವಳು ಗದರುತ್ತಾಳೆ, ಅವನು ಅವಳ ಹೆಗಲಿಗೊರಗಿ ನಿದ್ದೆ ಹೋಗುತ್ತಾನೆ.

ನಿಮ್ಮ ಮನೆಯಲ್ಲೂ ಬಾಯಿ, ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿದ್ದಾರೆಯೇ? ಚೆನ್ನಾಗಿದ್ದೇವೆ ಎಂದರೂ ತಪಾಸಣೆ ತಪ್ಪಿಸಬೇಡಿ. ಏದುಸಿರು, ಎದೆಬಡಿತ, ಕಾಲಿನ ಬಾವು ಕಂಡರೆ ಅಂದೇ ಆಸ್ಪತ್ರೆಗೆ ಹೊರಡಿ. ಯಾವ ಡಾಕ್ಟರೇ ಇರಲಿ, ಹಳೆಯ ಕಾಯಿಲೆಯ ವಿಷಯವನ್ನು ಮೊದಲು ಹೇಳಿ. ಅವರು ಹೇಳಲು ಹಿಂಜರಿದರೆ, ಪಕ್ಕದಲ್ಲಿ ಕುಳಿತ ನೀವು ಹೇಳಿ.