ಮೂಟೆಗೆ ಎಷ್ಟು ಹಾಕಬೇಕು

ನನ್ನ ಗಂಡ ತೀರಿಕೊಂಡ ಐದನೆಯ ವಾರ, ಅವರು ಬದುಕಿದ್ದಾಗ ಹೇಳಿಟ್ಟಿದ್ದ ನಾಯಿಮರಿ ಮನೆಗೆ ಬಂತು. ಗ್ರೇಟ್ ಡೇನ್ ಜಾತಿಯದು. ಅದನ್ನು ತಂದವನು ಬಾಗಿಲಲ್ಲಿ ನಿಂತು, "ಯಜಮಾನ್ರು ಇಲ್ವಾ?" ಎಂದು ಕೇಳಿದ. ಇಲ್ಲ ಎಂದೆ. "ಯಾವಾಗ ಬರ್ತಾರೆ?" ಎಂದ. ಅವನದೇನೂ ತಪ್ಪಿರಲಿಲ್ಲ. ಆದರೆ ನನ್ನ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವಂಥದ್ದು, ನಾಲ್ಕು ಮಾತು ಆಡಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ಬಂದು, ಮರಿಯನ್ನು ಅವನ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. "ನನ್ನ ತಮ್ಮ ತರಿಸಿದ್ದು. ಇಲ್ಲೇ ಇರುತ್ತೆ" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಅತ್ತಿಗೆ ನನ್ನ ಗಂಡನ ಅಕ್ಕ. ಮದುವೆಯಾಗಲಿಲ್ಲ. ತಾಯಿ ಬೇಗ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರವಿದೆ. ಬೀದಿಯ ಅರ್ಧ ಜನ ಹಾಕಿಕೊಳ್ಳುವುದು ಅವರು ಹೊಲಿದ ಬಟ್ಟೆ. ನನ್ನ ಗಂಡ ಬಸ್ ಓಡಿಸುತ್ತಿದ್ದರು. ಯಾವುದೋ ನಿಲ್ದಾಣದಲ್ಲಿ ಒಬ್ಬ ಮುದುಕನ ಜೊತೆ ಕರುವಿನಷ್ಟು ಎತ್ತರದ ನಾಯಿ ನಿಂತಿರುವುದನ್ನು ಕಂಡಾಗಿನಿಂದ ಅಂಥದ್ದೇ ಒಂದು ಬೇಕೆಂದು ಮಗುವಿನ ಹಾಗೆ ಹಟ ಹಿಡಿದಿದ್ದರು. ನಾನು ಹನ್ನೆರಡು ವರ್ಷ ಬೇಡ ಅಂದೆ. ಅವರು ಕಾಯಿಲೆ ಬಿದ್ದ ಮೇಲೆ ಹೂಂ ಅಂದೆ.

ಮರಿಗೆ ಮೂಟೆ ಎಂದು ಹೆಸರಿಟ್ಟವಳು ನಾನು. ಎತ್ತಿದರೆ ಗೋಣಿಚೀಲದ ಹಾಗೆ ಕೈಯಲ್ಲಿ ಜೋಲುತ್ತಿತ್ತು. ಅದಕ್ಕೆ ಊಟ ಹಾಕುವ ಕೆಲಸವೂ ನನ್ನದೇ ಎಂದು ಯಾರೂ ಹೇಳದೆ ತೀರ್ಮಾನವಾಗಿತ್ತು. ಯಾಕೆಂದರೆ ನನ್ನ ಕೆಲಸವೇ ಅದು. ಕೋಳಿ ಆಹಾರದ ಗಿರಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಮಿಶ್ರಣ ನೋಡಿಕೊಳ್ಳುವವಳು ನಾನು. ಜೋಳ ಎಷ್ಟು, ಸೋಯಾ ಹಿಂಡಿ ಎಷ್ಟು, ಸಮುದ್ರದ ಚಿಪ್ಪಿನ ಪುಡಿ ಎಷ್ಟು ಎಂದು ನಾನು ಹೇಳಿದ ಮೇಲೆಯೇ ಯಂತ್ರ ತಿರುಗಬೇಕು. ಒಂದು ಹಿಡಿ ತೆಗೆದು ಮೂಸಿದರೆ ಯಾವುದು ಹೆಚ್ಚಾಗಿದೆ, ಯಾವುದು ಕಡಿಮೆಯಾಗಿದೆ ಎಂದು ಹೇಳಬಲ್ಲೆ. ನಮ್ಮಲ್ಲಿ ಒಳ್ಳೆಯ ಆಹಾರ ಅಂದರೆ ಒಂದೇ ಅರ್ಥ, ತಿಂದದ್ದು ಬೇಗ ತೂಕವಾಗಬೇಕು. ಮೊಟ್ಟೆಯ ಸಿಪ್ಪೆ ತೆಳುವಾಯಿತು ಎಂದು ದೂರು ಬಂದರೆ ಚಿಪ್ಪಿನ ಪುಡಿ ಹೆಚ್ಚಿಸಬೇಕು. ಇಪ್ಪತ್ತಾರು ವರ್ಷದಲ್ಲಿ ನನ್ನ ಮಿಶ್ರಣದ ಬಗ್ಗೆ ಎರಡನೆಯ ಸಲ ದೂರು ಬಂದದ್ದಿಲ್ಲ.

ಅಂಗಡಿಯ ನಾಯಿ ಆಹಾರದ ಕಡೆ ನಾನು ತಿರುಗಿಯೂ ನೋಡಲಿಲ್ಲ. ಬೇಯಿಸಿದ ಮಾಂಸ, ಮೊಟ್ಟೆ, ಜೋಳದ ನುಚ್ಚು, ಹಿಂಡಿ, ಮೀನಿನ ಪುಡಿ ಎಲ್ಲವನ್ನೂ ಗಿರಣಿಯ ಹಾಗೆಯೇ ತೂಗಿ ಕಲಸಿದೆ. ಮೂಟೆ ತಟ್ಟೆಯನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋಗುತ್ತಿತ್ತು. ಮತ್ತೆ ಹಾಕುತ್ತಿದ್ದೆ. ಅದು ತಿನ್ನುವುದನ್ನು ನೋಡುತ್ತಾ ನಾನೂ ಅತ್ತಿಗೆಯೂ ಅಡುಗೆಮನೆಯ ನೆಲದ ಮೇಲೆ ಕೂತಿರುತ್ತಿದ್ದೆವು. ಆ ದಿನಗಳಲ್ಲಿ ನಮ್ಮಿಬ್ಬರ ಮನಸ್ಸಿಗೆ ಸಮಾಧಾನವಾಗುತ್ತಿದ್ದ ಹೊತ್ತು ಅದೊಂದೇ. ಪ್ರತಿ ಭಾನುವಾರ ಅದನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ತೂಕ ಏರುತ್ತಿತ್ತು. ನನ್ನ ಜಂಬವೂ ಏರುತ್ತಿತ್ತು.

ಮರಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಅದರ ಮುಂಗಾಲುಗಳು ಹೊರಕ್ಕೆ ತಿರುಗಿದಂತೆ ಕಂಡವು. ಸುಣ್ಣದಂಶ ಸಾಲದು ಎಂದುಕೊಂಡೆ. ಅಷ್ಟು ಸಣ್ಣ ವಿಷಯಕ್ಕೆ ಯಾರನ್ನು ಕೇಳುವುದು? ಗಿರಣಿಯಿಂದ ಚಿಪ್ಪಿನ ಪುಡಿ ತಂದು ದಿನಕ್ಕೆ ಎರಡು ಚಮಚ ಬೆರೆಸಿದೆ. ವಾರವಾದರೂ ಕಾಲು ನೆಟ್ಟಗಾಗಲಿಲ್ಲ. ನಾಲ್ಕು ಚಮಚ ಮಾಡಿದೆ. ಒಂದು ಬೆಳಿಗ್ಗೆ ಮೂಟೆ ಏಳಲು ಹೋಗಿ, ಏಳಲಾರದೆ, ನನ್ನ ಮುಖ ನೋಡಿ ಕುಂಯ್ಗುಟ್ಟಿತು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು ಕಡಿಮೆ ಮಾತಿನವರು. ಮೂಟೆಯ ಕಾಲುಗಳನ್ನು ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, "ಏನು ಹಾಕ್ತಿದ್ದೀರಿ?" ಎಂದು ಕೇಳಿದರು. ಕೋಳಿ ಆಹಾರದ ಗಿರಣಿಯಲ್ಲಿ ನನ್ನ ಕೆಲಸ ಏನೆಂದೂ ಸೇರಿಸಿ, ಎಲ್ಲವನ್ನೂ ತೂಕದ ಸಮೇತ ಒಪ್ಪಿಸಿದೆ. ಅಷ್ಟೊತ್ತಿನಲ್ಲೂ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಪೆನ್ನು ಕೆಳಗಿಟ್ಟರು.

"ಮೊಟ್ಟೆ ಇಡೋ ಕೋಳಿಗೆ ಸುಣ್ಣದಂಶ ಎಷ್ಟು ಹಾಕ್ತೀರಿ?"

"ನೂರಕ್ಕೆ ನಾಲ್ಕು."

"ಕೋಳಿ ಅದನ್ನ ದಿನಾ ಮೊಟ್ಟೆ ಮಾಡಿ ಹೊರಗೆ ಹಾಕುತ್ತೆ. ಇವನು ಎಲ್ಲಿಗೆ ಹಾಕ್ಬೇಕು?"

ಅವರೇ ನಿಧಾನವಾಗಿ ಹೇಳಿದರು. ಇಂಥ ದೊಡ್ಡ ಜಾತಿಯ ಮರಿಗೆ ಹೆಚ್ಚಾದ ಸುಣ್ಣವನ್ನು ಬೇಡ ಎಂದು ಹೊರಗಿಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಕಿದ್ದೆಲ್ಲ ಮೂಳೆಗೆ ಹೋಗಿ ಅದು ಸೊಟ್ಟಸೊಟ್ಟ ಬೆಳೆಯುತ್ತದೆ. ಅದರ ಮೇಲೆ ಅತಿಯಾದ ತೂಕ. ಎಳೆಯ ಮೂಳೆ ಮೂವತ್ತನಾಲ್ಕು ಕಿಲೋ ಹೊರಬೇಕಾಗಿದೆ.

"ಇವನು ಹೇಗಿದ್ರೂ ದೊಡ್ಡವನಾಗೋನೇ. ಅವಸರ ಮಾಡಿದ್ದು ನೀವು" ಎಂದರು. "ದೊಡ್ಡ ಜಾತಿ ಮರಿಗಳಿಗೆ ಅಂತಲೇ ಬರೋ ಆಹಾರ ತನ್ನಿ. ಸುಣ್ಣದಂಶ ನೂರಕ್ಕೆ ಒಂದು, ಒಂದೂಕಾಲಿನ ಹತ್ತಿರ ಇರ್ಲಿ. ಅದನ್ನೂ ನಾನು ಹೇಳಿದಷ್ಟೇ ಹಾಕಿ. ಮೇಲಿಂದ ಬೇರೆ ಏನೂ ಬೇಡ. ಸವರಿದ್ರೆ ಪಕ್ಕೆಲುಬು ಕೈಗೆ ಸಿಗ್ಬೇಕು."

"ಕಾಲು ಸರಿಹೋಗುತ್ತಾ ಡಾಕ್ಟ್ರೇ?"

"ಎರಡು ತಿಂಗಳು ನೋಡೋಣ. ಆಗದಿದ್ರೆ ಆಪರೇಶನ್. ಅದೂ ಕೈ ಕೊಟ್ರೆ..." ಅವರು ಮೂಟೆಯ ತಲೆ ಸವರಿದರು. "ಇಷ್ಟು ದೊಡ್ಡ ನಾಯಿ ತನ್ನ ಕಾಲ ಮೇಲೆ ಎದ್ದು ನಿಲ್ಲೋಕಾಗದಿದ್ರೆ, ಅದನ್ನ ಬದುಕಿಸಿಟ್ಕೊಳ್ಳೋದು ಅದಕ್ಕೇ ಹಿಂಸೆ."

ಆಸ್ಪತ್ರೆಯಿಂದ ನೇರವಾಗಿ ಅಂಗಡಿಗೆ ಹೋದೆ. ಅಂಗಡಿಯವನು ಹಾರುವ ನಾಯಿಯ ಚಿತ್ರವಿದ್ದ ಚೀಲವೊಂದನ್ನು ಮುಂದಿಟ್ಟು, "ಇದೇ ಬೆಸ್ಟು. ಒಂದೇ ತಿಂಗಳಲ್ಲಿ ಮರಿ ಗುರುತೇ ಸಿಗಲ್ಲ" ಎಂದ. ಚೀಲ ತಿರುಗಿಸಿ ಓದಿದೆ. ಸುಣ್ಣದಂಶ ಎರಡರ ಹತ್ತಿರ ಇತ್ತು. ಎಲ್ಲ ಜಾತಿಯ ಮರಿಗಳಿಗೆ ಎಂದು ಬರೆದಿತ್ತು. ಮತ್ತೊಂದು ತಿರುಗಿಸಿದೆ. ಒಂಬತ್ತನೆಯ ಚೀಲ ನನಗೆ ಬೇಕಾದದ್ದಾಗಿತ್ತು.

"ಇಷ್ಟೊಂದು ಓದಿ ತಗೊಳ್ಳೋರನ್ನ ನಾನು ನೋಡೇ ಇಲ್ಲಮ್ಮ" ಎಂದ.

"ನೀವೂ ಓದಿದ ಹಾಗೆ ಕಾಣಲ್ಲ" ಎಂದೆ. ಪಾಪ, ಅವನ ಮೇಲೆ ಯಾಕೆ ಹರಿಹಾಯ್ದೆನೋ. ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಮಿಶ್ರಣದ ಲೆಕ್ಕ ಅಚ್ಚು ಹಾಕಿಸುವ ಕೆಲಸದಲ್ಲೇ ಇಪ್ಪತ್ತಾರು ವರ್ಷ ಕಳೆದವಳು ನಾನು. ಎರಡು ತಿಂಗಳ ಹಿಂದೆ ಒಂದೇ ಒಂದು ಚೀಲ ತಿರುಗಿಸಿ ಓದಿದ್ದರೆ ಸಾಕಿತ್ತು.

ಅಳತೆಯ ಲೋಟವೊಂದಕ್ಕೆ ಗೆರೆ ಎಳೆದು, ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆ ಇಷ್ಟು ಎಂದು ಅತ್ತಿಗೆಗೆ ತೋರಿಸಿಕೊಟ್ಟೆ. ಮಧ್ಯಾಹ್ನ ನಾನು ಗಿರಣಿಯಲ್ಲಿರುತ್ತಿದ್ದೆ. ಮೂಟೆ ತನ್ನ ಪಾಲನ್ನು ಎರಡು ನಿಮಿಷದಲ್ಲಿ ಮುಗಿಸಿ ತಟ್ಟೆಯ ಮುಂದೆ ಕೂತು ಅಳುತ್ತಿತ್ತು. ಅತ್ತಿಗೆ ಯಂತ್ರದ ಪೆಡಲ್ಲನ್ನು ಜೋರಾಗಿ ತುಳಿಯುತ್ತಿದ್ದರು. ನನ್ನ ಜೊತೆ ಮಾತು ಕಡಿಮೆಯಾಯಿತು.

ಮೂರು ವಾರದ ಮೇಲೆ ತೂಗಿದಾಗ ಮೂರ್ನಾಲ್ಕು ಕಿಲೋ ಏರಬೇಕಾಗಿದ್ದ ಕಡೆ ಏಳು ಏರಿತ್ತು. ಕಾಲು ಹಾಗೆಯೇ ಇತ್ತು, ಬಲಗಾಲು ಇನ್ನಷ್ಟು ಕೆಟ್ಟಿತ್ತು. ನನಗೆ ಬೇರೇನೂ ಬರದಿದ್ದರೂ ಇದೊಂದು ಬರುತ್ತದೆ. ಒಳಗೆ ಹೋಗದೆ ತೂಕ ಬರುವುದಿಲ್ಲ. ಮಾರನೆಯ ದಿನ ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದೆ.

ಅಡುಗೆಮನೆಯಲ್ಲಿ ಅತ್ತಿಗೆ ಕೂತಿದ್ದರು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ನಾಲ್ಕು ಮೊಟ್ಟೆ. ಮೂಟೆಗೆ ಕೈಯಾರೆ ತಿನ್ನಿಸುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಅತ್ತಿಗೆ, ಅವನ ಕಾಲು ಮುರೀತಿದ್ದೀರಿ ನೀವು."

"ನೀನು ಅವನನ್ನ ಉಪವಾಸ ಕೆಡವ್ತಿದ್ದೀಯ."

"ಡಾಕ್ಟ್ರು ಹೇಳಿದ್ದು."

"ಡಾಕ್ಟ್ರು ಹೇಳಿದ್ರು, ಡಾಕ್ಟ್ರು ಹೇಳಿದ್ರು." ಅವರು ಕೈ ತೊಳೆಯಲಿಲ್ಲ, ಎದ್ದೇಳಲೂ ಇಲ್ಲ. "ಆವತ್ತೂ ಡಾಕ್ಟ್ರು ಹೇಳಿದ್ರು. ಬಾಯಿಗೆ ಏನೂ ಹಾಕ್ಬೇಡಿ ಅಂದ್ರು. ಎಂಟು ದಿನ. ಅಕ್ಕಾ ಹಸಿವು ಅಂದ ನನ್ನ ತಮ್ಮ. ಒಂದು ಚಮಚ ಹಾಲು ಕೊಡೇ ಅಂದ. ಎರಡು ವರ್ಷದ ಮಗುವಾಗಿದ್ದಾಗ ಕೇಳಿದ ಹಾಗೇ ಕೇಳಿದ. ನಾನು ಡಾಕ್ಟ್ರ ಮಾತು ಕೇಳಿದೆ. ಕೊಡ್ಲಿಲ್ಲ. ಕೊಡದಿದ್ರೂ ಹೋದ. ಹಸ್ಕೊಂಡು ಹೋದ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಮ್ಮಿಬ್ಬರಲ್ಲಿ ಯಾರೂ ಇದುವರೆಗೆ ಆ ಎಂಟು ದಿನಗಳ ಮಾತೆತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಗೆ ಊಟದ ತಟ್ಟೆ ಬಂದಾಗ ನನ್ನ ಗಂಡನ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ನಾನು ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದೆ. ದಿನಕ್ಕೆ ನೂರು ಟನ್ ಆಹಾರ ನನ್ನ ಕೈಕೆಳಗೆ ಹಾದುಹೋಗುತ್ತದೆ, ಕಟ್ಟಿಕೊಂಡ ಗಂಡನಿಗೆ ಒಂದು ತುತ್ತು ಕೊಡಲಾಗಲಿಲ್ಲ.

"ನನ್ನನ್ನೂ ಕೇಳಿದ್ರು, ಅತ್ತಿಗೆ" ಎಂದೆ. "ನೀವು ಮನೆಗೆ ಹೋದಾಗೆಲ್ಲ ಕೇಳೋರು. ನಾನೂ ಕೊಡ್ಲಿಲ್ಲ. ಕೊಟ್ಟಿದ್ರೆ ಏನಾಗ್ತಿತ್ತೋ ನಂಗೊತ್ತಿಲ್ಲ. ದಿನಾ ಯೋಚನೆ ಮಾಡ್ತೀನಿ. ಗೊತ್ತಾಗಲ್ಲ."

ಅತ್ತಿಗೆ ನನ್ನನ್ನು ನೋಡಿದರು. ಆ ಭಾರವನ್ನು ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದು ಅವರು ತಿಳಿದಿದ್ದರು ಅಂತ ಕಾಣುತ್ತದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಷ್ಟರಲ್ಲಿ ಉಳಿದ ಬ್ರೆಡ್ಡಿನ ಆಸೆಗೆ ಮೂಟೆ ಏಳಲು ನೋಡಿತು. ಮುಂಗಾಲೆರಡೂ ಹೊರಕ್ಕೆ ಜಾರಿ ಗಲ್ಲ ನೆಲಕ್ಕೆ ಬಡಿಯಿತು. ಮತ್ತೆ ಎದ್ದಿತು. ಮತ್ತೆ ಬಿತ್ತು. ಮೂರನೆಯ ಸಲ ಪ್ರಯತ್ನಿಸದೆ ಬಿದ್ದಲ್ಲಿಂದಲೇ ನಾಲಿಗೆ ಚಾಚಿತು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅಳತೆಯ ಲೋಟವನ್ನು ತಂದು ಅವರ ಮಡಿಲಲ್ಲಿಟ್ಟೆ.

"ಇನ್ಮೇಲೆ ಮೂರು ಹೊತ್ತೂ ನೀವೇ ಹಾಕಿ. ನಾನು ಬಂದು ನೋಡಲ್ಲ, ಕೇಳಲ್ಲ."

"ನನ್ನ ಕೈಲಾಗಲ್ಲ ಕಣೇ."

"ನನ್ನ ಕೈಲೂ ಆಗಲ್ಲ. ಗೆರೆ ಮುಟ್ಟಿದ ಮೇಲೂ ಇನ್ನೊಂದು ಹಿಡಿ ಹಾಕೋಣ ಅನ್ಸುತ್ತೆ ನಂಗೆ. ದಿನಾ."

ನಾನು ಮಾತು ಉಳಿಸಿಕೊಂಡೆ, ಕೇಳಲಿಲ್ಲ. ಅವರು ಏನು ಮಾಡಿದರು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಹೊಲಿಗೆಯ ಟೇಪು ಹಿಡಿದು ವಾರಕ್ಕೊಮ್ಮೆ ಮೂಟೆಯ ಎದೆ, ಸೊಂಟ ಅಳೆದು, ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಬರೆದಿಟ್ಟರು. ಅದು ಅಳುವಾಗ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದರು, ತಟ್ಟೆ ಮಾತ್ರ ಖಾಲಿಯೇ. ಒಂದು ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, "ಪಕ್ಕೆಲುಬು ಕೈಗೆ ಸಿಕ್ತು. ನೋಡು ಬಾ" ಎಂದು ಕರೆದರು. ಯಾರೋ ಪರೀಕ್ಷೆ ಪಾಸಾದ ಹಾಗಿತ್ತು ಅವರ ಮುಖ.

ಎರಡು ತಿಂಗಳು ತುಂಬಿದ ದಿನ ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೂಟೆಯನ್ನು ಉದ್ದನೆಯ ಓಣಿಯಲ್ಲಿ ಅತ್ತಿಂದಿತ್ತ ನಾಲ್ಕು ಸಲ ನಡೆಸಿದರು. ಎಡಗಾಲು ನೆಟ್ಟಗಾಗಿತ್ತು. ಬಲಗಾಲು ಸ್ವಲ್ಪ ಹೊರಕ್ಕೇ ಇತ್ತು.

"ಇದು ಇಷ್ಟೇ. ಹೀಗೇ ಉಳಿಯುತ್ತೆ" ಎಂದರು. "ಆಪರೇಶನ್ ಬೇಡ. ಓಡಾಡ್ಕೊಂಡಿರ್ತಾನೆ. ಸ್ವಲ್ಪ ಸೊಟ್ಟ ಓಡ್ತಾನೆ. ಊಟ ಮಾತ್ರ ಹೀಗೇ ನಡೀಲಿ, ಕೈ ಜಾರಬಾರ್ದು."

ಆ ಸೊಟ್ಟಗಾಲು ನನ್ನ ಕೆಲಸ. ಆದರೂ ಆವತ್ತು ದಾರಿಯುದ್ದಕ್ಕೂ ಅದು ನಮ್ಮಿಬ್ಬರನ್ನೂ ಎಳೆದುಕೊಂಡು ಬಂತು. ಮನೆ ಸೇರುವಾಗ ಮಧ್ಯಾಹ್ನದ ಹೊತ್ತು. ಅತ್ತಿಗೆ ಗೆರೆಯವರೆಗೆ ಅಳೆದು ಹಾಕಿದರು. ಮೂಟೆ ಎರಡೇ ನಿಮಿಷದಲ್ಲಿ ಮುಗಿಸಿ, ನಾಲ್ಕೂ ಕಾಲ ಮೇಲೆ ಗಟ್ಟಿಯಾಗಿ ನಿಂತು, ನನ್ನ ಕಡೆ ತಿರುಗಿ ಅಳತೊಡಗಿತು. ಇವತ್ತೊಂದು ದಿನ ಅಲ್ಲವೇ ಎನ್ನಿಸಿತು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದೆ.

ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು.

"ಬೇಡ ಕಣೇ" ಎಂದರು. "ಇವನಿಗೆ ಸಂಜೆ ಊಟ ಇದೆ."