ಎಡಗಡೆ ಸೀಟಿನ ಮಾತು

ಕೊಣ್ಣೂರು ದಾಟಿತೋ ಇಲ್ಲವೋ, ಸಾತವ್ವನ ತುಟಿಗಳು ಅಲ್ಲಾಡತೊಡಗಿದವು. ಉದ್ದಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ ಓರೆಗಣ್ಣಿನಿಂದ ನೋಡಿದ. ಹೌದು, ಇವತ್ತೂ ಶುರುವಾಯಿತು. ಹೆಂಡತಿ ಎದುರಿನ ಗಾಜಿನತ್ತ ನೋಟ ನೆಟ್ಟು, ಮಡಿಲ ಮೇಲಿನ ಬುತ್ತಿಯ ಚೀಲವನ್ನು ಎರಡೂ ಕೈಯಿಂದ ಹಿಡಿದು, ಏನೋ ಹೇಳುತ್ತಿದ್ದಾಳೆ. ಯಾರಿಗೆ? ಕಾರಿನೊಳಗೆ ಇರುವವರು ಇಬ್ಬರೇ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಷ್ಟು ಎತ್ತರದ ಬುದ್ಧನೊಬ್ಬ ಕುಳಿತಿದ್ದಾನೆ, ಅವನದು ಕಣ್ಣು ಮುಚ್ಚಿದ ಧ್ಯಾನ. ಉದ್ದಪ್ಪನಿಗಂತೂ ಅವಳ ಮಾತು ಕೇಳಿಸುವುದಿಲ್ಲ, ಅದು ಅವಳಿಗೂ ಗೊತ್ತು.

“ಏನ ಮಾತಾಡಾಕತ್ತಿ?” ಎಂದು ಅವನು ಅವಳ ಕಡೆ ತಿರುಗಿದ.

ತುಟಿಗಳು ತಟ್ಟನೆ ನಿಂತವು. ಅವಳು ಮುಖವನ್ನು ಅವನತ್ತ ಮಾಡಿ, ಅವನಿಗೆ ತಿಳಿಯುವಂತೆ ಬಾಯಿ ಅಗಲಿಸಿ ಹೇಳಿದಳು: “ಏನಿಲ್ರಿ. ಹಾಡ ಅನ್ನಾಕತ್ತೇನಿ. ನೀವು ಮುಂದ ನೋಡ್ರಿ.”

ಹಾಡಂತೆ ಹಾಡು! ಉದ್ದಪ್ಪನ ಮುಂದೆ ಈ ಸುಳ್ಳು ನಡೆಯುವಂಥದ್ದಲ್ಲ. ಮೂವತ್ತನಾಲ್ಕು ವರ್ಷ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವನು ಅವನು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಜಾಗದಲ್ಲಿ ಯಾರ ದನಿಯೂ ಯಾರಿಗೂ ಕೇಳದು. ಅಲ್ಲಿಯ ಮಂದಿ ಮಾತಾಡುವುದು ತುಟಿಯಿಂದ, ಕೈಯಿಂದ. ನಾಲ್ಕು ಸಾಲು ಆಚೆ ನಿಂತವನು ಬಾಯಿ ತೆರೆದರೆ ಸಾಕು, ಅವನು ಮಳೆಯ ವಿಷಯ ಹೇಳುತ್ತಿದ್ದಾನೋ ಮಾವನ ಮನೆಯ ಜಗಳ ಹೇಳುತ್ತಿದ್ದಾನೋ ಉದ್ದಪ್ಪ ಓದಿಬಿಡುತ್ತಿದ್ದ. ನೌಕರಿ ಮುಗಿಯುವ ಹೊತ್ತಿಗೆ ಕಿವಿ ಬಹಳ ಮಂದವಾಗಿತ್ತು, ಕಣ್ಣು ಅಷ್ಟೇ ಚುರುಕಾಗಿತ್ತು. ಹಾಡುವ ಬಾಯಿ ಹೇಗಿರುತ್ತದೆಂದು ಅವನಿಗೆ ಗೊತ್ತಿಲ್ಲವೇ? ಹಾಡುವ ಬಾಯಿ ಎಳೆಯುತ್ತದೆ, ತೂಗುತ್ತದೆ. ಸಾತವ್ವನ ಬಾಯಿ ಹಾಗಲ್ಲ. ಎರಡು ಮಾತು, ಒಂದು ತಡೆ. ಮತ್ತೆ ಒಂದು ಮಾತು. ಮತ್ತೆ ಗಡಿಬಿಡಿಯಲ್ಲಿ ನಾಲ್ಕು.

ಮನೆಯಲ್ಲಿ ಅವಳು ಇಷ್ಟು ಮಾತಿನವಳೇ ಅಲ್ಲ. ಗಂಡನ ಎದುರಿಗೆ ಬಂದು ನಿಂತು, “ಊಟ”, “ನೀರ ಬಂತು”, “ಭಾಗ್ಯಾನ ಫೋನು” ಎಂದು ಒಂದೊಂದೇ ಪದ ಇಟ್ಟು ಹೋಗುತ್ತಾಳೆ. ಅಂಥವಳು ಈ ಕಾರು ಹತ್ತಿದ್ದೇ ತಡ, ಬಾಯಿಗೆ ಬಿಡುವೇ ಇಲ್ಲದಂತೆ ಆಡುತ್ತಾಳೆಂದರೆ ಅದರ ಒಳಗುಟ್ಟು ತಿಳಿಯದೆ ಯಾವ ಗಂಡಸು ನೆಮ್ಮದಿಯಿಂದ ಗೇರು ಹಾಕಿಯಾನು?

ಕಾರು ಬಂದು ಆರು ತಿಂಗಳಾಗಿತ್ತು. ಗೋಕಾಕದ ಒಬ್ಬ ನಿವೃತ್ತ ಮಾಸ್ತರರು ಓಡಿಸಿ ಬಿಟ್ಟದ್ದು. ಬೂದು ಬಣ್ಣದ, ಗಲ್ಲಿಯೊಳಗೆ ಎಮ್ಮೆ ಅಡ್ಡ ನಿಂತರೂ ಬಾಜೂಕ್ಕೆ ನುಸುಳಿ ಹೋಗುವಂಥ ಪುಟ್ಟ ಗಾಡಿ. ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಕೊಡುತ್ತದೆ ಎಂದಿದ್ದರು ಮಾಸ್ತರರು. ತಾನು ಓಡಿಸಿದರೆ ಇಪ್ಪತ್ನಾಲ್ಕು ಕೊಡುತ್ತದೆ ಎಂದು ಉದ್ದಪ್ಪ ಕಂಡಕಂಡವರಿಗೆ ಹೇಳಿದ. ಹೇಳುವುದರಲ್ಲಿ ತುಸು ಜಂಬವಿದ್ದರೂ ಸುಳ್ಳಿರಲಿಲ್ಲ. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಅದರ ಆರೋಗ್ಯ ಹೇಳುತ್ತಿದ್ದ ಕೈ ಅದು. ಗೇರಿನ ಗುಂಡು ಹಿಡಿದರೆ ಎಂಜಿನ್ನಿನ ಹಸಿವು, ದಣಿವು ಎಲ್ಲವೂ ಅದಕ್ಕೆ ತಿಳಿಯುತ್ತಿತ್ತು. ಡ್ರೈವಿಂಗ್ ಕಲಿಸಿದವನೇ ಬೆರಗಾಗಿದ್ದ.

ಮೂಡಲಗಿಯಲ್ಲಿ ನರ್ಸ್ ಆಗಿರುವ ಮಗಳು ಭಾಗ್ಯಾ ಅಪ್ಪನಿಗೆ ಕಿವಿಯ ಮಷೀನು ಕೊಡಿಸಿದ್ದಳು. ಮನೆಯಲ್ಲಿ ಅದರಿಂದ ಅಷ್ಟಿಷ್ಟು ಉಪಯೋಗವಿತ್ತು. ಆದರೆ ಕಾರಿನೊಳಗೆ ಅದನ್ನು ಹಾಕಿಕೊಂಡರೆ ಗಾಳಿ, ಗಾಲಿ, ಎಂಜಿನ್ನು ಎಲ್ಲ ಕಲಸಿ ಭರ್ರೆಂಬ ಒಂದೇ ಸದ್ದು, ನಡುನಡುವೆ ಕುಂಯ್ ಎಂಬ ಸೀಟಿ. ಕಾರು ಹತ್ತುವಾಗ ಅದನ್ನು ತೆಗೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡುತ್ತಿದ್ದ. ಇಟ್ಟ ಮೇಲೆ ಎಂಥ ಸುಖ! ಒಂದು ರವಿವಾರ ಮಗಳ ಮನೆಗೆ ಮೂಡಲಗಿ, ಇನ್ನೊಂದು ರವಿವಾರ ಸಾತವ್ವನ ಅಕ್ಕನ ಮನೆಗೆ ಹುಕ್ಕೇರಿ. ಬಸ್ಸಿಗಾಗಿ ಕಾಯುವುದಿಲ್ಲ, ಸೀಟಿಗಾಗಿ ಕರ್ಚೀಫು ಎಸೆಯುವುದಿಲ್ಲ. ಹೆಂಡತಿಗೆ ಜೀವಮಾನದಲ್ಲಿ ತಾನು ಕೊಟ್ಟ ಸುಖವೆಂದರೆ ಇದೊಂದೇ ಎಂದು ಉದ್ದಪ್ಪನ ಎಣಿಕೆ.

ಅದಕ್ಕೇ ಆ ತುಟಿಗಳು ಅವನನ್ನು ಕಾಡುತ್ತಿದ್ದವು. ಖುಷಿಗೆ ಆಡುತ್ತಿದ್ದಾಳೋ? ಇಲ್ಲಾ, ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ, ಅವನಿಗೆ ಕೇಳಿಸುವುದಿಲ್ಲವೆಂಬ ಧೈರ್ಯದ ಮೇಲೆ, ಅವನ ಪಕ್ಕದಲ್ಲೇ ಕುಳಿತು ಕಾರಿಕೊಳ್ಳುತ್ತಿದ್ದಾಳೋ? ಎರಡನೆಯದು ನೆನೆದರೆ ಅವನಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು. ಅವಳಿಗೆ ಈ ಕಾರಿನಿಂದ ಸಂತೋಷವಿದೆಯೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು.

ಹಳೆಯ ಜೊತೆಗಾರ ಲಗಮಪ್ಪನನ್ನು ಹಿಡಿದ. ಅವನೂ ಅದೇ ಮಗ್ಗದ ಸಾಲಿನವನು. ಘಟಪ್ರಭಾಕ್ಕೆ ಬಿಡುತ್ತೇನೆ ಬಾ ಎಂದು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಸಾತವ್ವ ದಾರಿಯುದ್ದಕ್ಕೂ ಆಡಿದಳು. ಮರುದಿನ ಗೋಕಾಕ ಫಾಲ್ಸಿನ ಚಹಾದಂಗಡಿಯ ಮುಂದೆ ಇಬ್ಬರೂ ಎದುರುಬದುರು ನಿಂತರು.

“ಏನಂದಳೋ?” ಉದ್ದಪ್ಪ ತುಟಿ ಆಡಿಸಿದ.

“ನನಗೇನ ಗೊತ್ತೋ ಮಾರಾಯ? ನಾನೂ ನಿನ್ನಂಗ ಕಿವುಡನಽ ಅಲ್ಲೇನು? ಹಿಂದ ಕುಂತವಂಗ ಆಕಿ ತುರುಬ ಅಷ್ಟಽ ಕಾಣ್ತಿತ್ತು.”

“ಹೋಗಲೇ, ದಂಡಕ್ಕ ಕರಕೊಂಡ ಹೋದೆ ನಿನ್ನ.”

ಲಗಮಪ್ಪ ಬಸಿಯೊಳಗಿನ ಚಹಾ ಸುರ್ರೆಂದು ಎಳೆದ. ಆಮೇಲೆ ಕೈ ತಿರುಗಿಸಿ ತೋರಿಸಿದ. “ಅಲ್ಲೋ, ಕೆಲಸ ನೋಡಾಕ ಮುಕಾದಮ ಹಿಂದಿಂದ ಬಂದ್ರ ಹೆಂಗ ನೋಡ್ತಿದ್ವಿ ನಾವು? ಮಗ್ಗದ ಮ್ಯಾಲ ಕನ್ನಡಿ ತುಂಡ ಸಿಗಿಸಿರಲಿಲ್ಲೇನು? ನಿನ್ನ ಗಾಡಿಯೊಳಗ ಐತಲ್ಲ ಕನ್ನಡಿ. ಆಕಿ ಕಡೆ ತಿರುವು.”

ಉದ್ದಪ್ಪ ಹಣೆ ಚಚ್ಚಿಕೊಂಡ. ಇಷ್ಟು ಸುಲಭದ್ದು ತನಗೆ ಹೇಗೆ ಹೊಳೆಯಲಿಲ್ಲ! ಮಗ್ಗದವರಿಗೆ ಕನ್ನಡಿ ಇರುವುದೇ ಮುಖ ನೋಡಲಿಕ್ಕೆ. ಕಾರಿನ ಕನ್ನಡಿಗೆ ಬೇರೆ ಕೆಲಸವಿದೆ ಎಂಬುದು ಆ ಇಬ್ಬರಲ್ಲಿ ಒಬ್ಬನಿಗೂ ನೆನಪಾಗಲಿಲ್ಲ ನೋಡಿ.

ಮುಂದಿನ ರವಿವಾರ ಹುಕ್ಕೇರಿಯ ಪಾಳಿ. ಸಾತವ್ವ ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಉದ್ದಪ್ಪ ನಡುವಿನ ಕನ್ನಡಿಯನ್ನು ಮೆಲ್ಲಗೆ ಎಡಕ್ಕೆ ತಿರುವಿಟ್ಟ. ಅವಳು ಬಂದು ಕುಳಿತಳು. ಕನ್ನಡಿಯಲ್ಲಿ ಅವಳ ಮುಖ ಮೂಗಿನಿಂದ ಗದ್ದದವರೆಗೆ ಅಚ್ಚುಕಟ್ಟಾಗಿ ಮೂಡಿತು. ಉದ್ದಪ್ಪ ಒಳಗೊಳಗೇ ಹಿಗ್ಗಿದ.

ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರುಗಳು ರಸ್ತೆಯ ಮುಕ್ಕಾಲು ಪಾಲು ತಮ್ಮದೇ ಎಂಬಂತೆ ಹೋಗುತ್ತಿದ್ದವು. ಘಟಪ್ರಭಾ ದಾಟುವವರೆಗೆ ಉದ್ದಪ್ಪನಿಗೆ ಕನ್ನಡಿ ನೋಡಲು ಪುರಸೊತ್ತು ಸಿಗಲಿಲ್ಲ. ರಸ್ತೆ ತುಸು ಬಯಲಾದ ಮೇಲೆ ಕಣ್ಣೆತ್ತಿದ.

ತುಟಿಗಳು ಹೇಳಿದವು: “ಬೈಕ. ಬೈಕ ಬಂತು. ಹೋತ.”

ಅದೇ ಗಳಿಗೆಗೆ ಬಲಗಡೆಯಿಂದ ಒಂದು ಬೈಕು ಮುಂದೆ ಹಾದುಹೋಯಿತು. ಅದರ ಹಿಂದೆ ಕುಳಿತವನು ತಿರುಗಿ ಏನೋ ಬೈದಂತಿತ್ತು. ಉದ್ದಪ್ಪನಿಗೆ ಏನೂ ಅರ್ಥವಾಗಲಿಲ್ಲ. ಬೈಕಿಗೂ ಇವಳಿಗೂ ಏನು ಸಂಬಂಧ? ಮತ್ತೆ ನೋಡಿದ.

“ಬಸ್ಸ. ದೂರ ಐತಿ. ಹಾರ್ನ ಹೊಡದಾ. ಎಡಕ್ಕ ತಗೋರಿ. ಎಡಕ್ಕ, ಎಡಕ್ಕ ತಗೋರಿ. ಮತ್ತ ಹೊಡದಾ. ಯಪ್ಪಾ, ಎಡಕ್ಕ... ಹೋತ.”

ಬಸ್ಸು ಗಾಳಿ ಬೀಸಿಕೊಂಡು ಮುಂದೆ ಹೋಯಿತು. ಪುಟ್ಟ ಕಾರು ಒಮ್ಮೆ ತೂಗಾಡಿತು.

ನನ್ನ ಗಾಡಿಗೆ ಯಾರೂ ಹಾರ್ನ್ ಹೊಡೆಯುವುದಿಲ್ಲ, ನಾನು ಹಾಗೆ ಓಡಿಸುತ್ತೇನೆ ಎಂದು ಉದ್ದಪ್ಪ ಊರೆಲ್ಲ ಕೊಚ್ಚಿಕೊಂಡಿದ್ದನಲ್ಲ! ಇವಳು ಹಾಡುತ್ತಿಲ್ಲ, ಅವನನ್ನು ಬೈಯುತ್ತಲೂ ಇಲ್ಲ. ಹಿಂದಿನಿಂದ ಬರುವ ಒಂದೊಂದು ಗಾಡಿಯ ಸುದ್ದಿಯನ್ನೂ, ಕೇಳಿಸದ ಗಂಡನಿಗೆ, ಆರು ತಿಂಗಳಿಂದ ಹೇಳುತ್ತ ಬಂದಿದ್ದಾಳೆ. ನಂಬಲಿಕ್ಕೆ ಮನಸ್ಸೇ ಬರಲಿಲ್ಲ. ಇನ್ನೊಮ್ಮೆ ನೋಡೋಣ ಎಂದುಕೊಂಡ. ಕನ್ನಡಿಯಲ್ಲಿ ಅವಳ ಬಾಯಿ ಈಗ ಜೋರಾಗಿ ಆಡುತ್ತಿತ್ತು.

“ಲಾರಿ. ಬಿಡಂಗಿಲ್ಲ ಇಂವ. ಹೊಡಿಯಾಕತ್ತಾನ, ಹೊಡಿಯಾಕತ್ತಾನ. ನಡುವ ಹೊಂಟೀರಲ್ರೀ... ಅಯ್ಯ ಯವ್ವಾ!”

ಅದನ್ನು ಓದುವುದರಲ್ಲಿ ಉದ್ದಪ್ಪ ಎಷ್ಟು ಮುಳುಗಿದ್ದನೆಂದರೆ, ಓದಿದ್ದು ತನಗೇ ಹೇಳಿದ ಮಾತು ಎಂಬುದು ತಲೆಗೆ ಹೋಗಲು ಒಂದು ಕ್ಷಣ ತಡವಾಯಿತು. ರಪ್ಪೆಂದು ಒಂದು ಏಟು ಸ್ಟಿಯರಿಂಗ್ ಮೂಲಕ ಅವನ ತೋಳಿಗೆ ಬಡಿಯಿತು. ಬಲಗಡೆ ಗೋಡೆಯಂತೆ ಲಾರಿಯೊಂದು ಜಾರಿಹೋಯಿತು. ಹೊರಗಿನ ಕನ್ನಡಿ ಮುರಿದು ಬಾಗಿಲಿಗೆ ಜೋತುಬಿತ್ತು. ಕಾರು ಮಣ್ಣಿಗಿಳಿದು ಹಿಡಕಲ್ ಕಡೆಯ ತಿರುವಿನ ಹತ್ತಿರ ಜಾಲಿಯ ಪೊದೆಯ ಮುಂದೆ ನಿಂತಿತು.

ಸಾತವ್ವನಿಗೆ ಏನೂ ಆಗಿರಲಿಲ್ಲ. ಬುತ್ತಿಯ ಚೀಲ ಕಾಲ ಬಳಿ ಬಿದ್ದಿತ್ತು, ರೊಟ್ಟಿ ಮ್ಯಾಟಿನ ಮೇಲೆ ಹರಡಿದ್ದವು. ಉದ್ದಪ್ಪ ಎಂಜಿನ್ ಆರಿಸಿ ಅವಳ ಕಡೆ ತಿರುಗಿದ.

“ಎಷ್ಟ ದಿನದಿಂದ?” ಎಂದು ಕೇಳಿದ.

ಅವಳಿಗೆ ತಿಳಿಯಿತು. ತಿರುವಿದ ಕನ್ನಡಿಯನ್ನು ನೋಡಿದಳು, ಅವನನ್ನು ನೋಡಿದಳು. “ಮೊದಲನೇ ದಿನದಿಂದ,” ಎಂದಳು. ಹಾಗೆಂದವಳಿಗೆ ಅಳು ನುಗ್ಗಿ ಬಂತು. “ನಿಮಗ ಕೇಳೂದಿಲ್ಲಂತ ನನಗ ಗೊತ್ತಿಲ್ಲೇನ್ರಿ? ಗೊತ್ತಿದ್ರೂ ಬಾಯಿ ಸುಮ್ಮನಿರಬೇಕಲ್ಲ. ಬಾಯಿ ಮುಚ್ಚಿ ಕುಂತ್ರ ಎದಿ ಒಡದ ಹೋಕೈತಿ.”

“ಹೇಳಬಾರದಿತ್ತೇನ ನನಗ? ಮನ್ಯಾಗ ಎದುರು ನಿಂತು ಒಂದ ಮಾತ ಹೇಳಿದ್ರ ಕಾರ್ ಮಾರಿ ಬಿಡ್ತಿದ್ದೆ.”

“ಹೆಂಗ ಹೇಳ್ಲಿ? ಕಾರ್ ಬಂದಾಗಿಂದ ನಿಮ್ಮ ಮಾರಿ ನೀವು ನೋಡಿಕೊಂಡೀರೇನು? ನೌಕರಿ ಮುಗಿದ ಮ್ಯಾಲ ಎರಡ ವರ್ಷ ಗ್ವಾಡಿಗೆ ಮಾರಿ ಮಾಡಿ ಕುಂತಿದ್ರಿ. ಈಗ ರವಿವಾರ ಬಂದ್ರ ಮುಂಜಾನೆ ಐದಕ್ಕಽ ಎದ್ದು ಗಾಜ ಒರಸ್ತೀರಿ. ಅದನ್ನ ನೋಡಿ ನನಗ ಬಾಯಿ ಹೆಂಗ ಬರಬೇಕು?” ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಸಿಟ್ಟು ಬಂತು. “ಅಲ್ರಿ, ನನ್ನ ತುಟಿ ನೋಡಾಕ ಕನ್ನಡಿ ತಿರುವಿದ್ರೇನು? ನಿಮಗ ಬುದ್ಧಿ ಎಲ್ಲಿ ಐತ್ರಿ?”

ಅವಳಿಗೆ ಖುಷಿಯಿದೆಯೋ ಇಲ್ಲವೋ ಎಂದು ಉದ್ದಪ್ಪನಿಗೆ ತಿಳಿಯಬೇಕಿತ್ತಲ್ಲ, ತಿಳಿಯಿತು. ತಾನು ಸುಖ ಕೊಟ್ಟೆ ಎಂದುಕೊಂಡ ಇಪ್ಪತ್ತಾರು ರವಿವಾರವೂ ಇವಳು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದಳು. ಅವನಿಗೆ ನಾಚಿಕೆಯಾಯಿತು. ತನ್ನ ಮೇಲೆಯೇ ಹೇಸಿಕೆ ಬಂತು. ಚಾವಿ ತೆಗೆದು ಅವಳ ಮುಂದೆ ಹಿಡಿದ.

“ತಗೋ. ಮಾರೂಣು. ಇಲ್ಲಿಂದ ಬಸ್ಸಿಗೆ ಹೋಗೂಣು. ಗಾಡಿ ಯಾರರೆ ಬಂದು ತಗೊಂಡ ಹೋಗ್ಲಿ.”

ಸಾತವ್ವ ಚಾವಿಯನ್ನು ಮುಟ್ಟಲಿಲ್ಲ. ಬಗ್ಗಿ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ, ಊದಿ, ಚೀಲಕ್ಕೆ ಹಾಕಿದಳು. ಉದ್ದಪ್ಪ ಚಾವಿ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡಿದ್ದ. ಅವಳು ಕಾರು ಬೇಡ ಎಂದರೆ ಬೇಡ. ಈ ಜನ್ಮಕ್ಕೆ ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದ್ದ.

ಅವಳು ಮೊದಲು ನಡುವಿನ ಕನ್ನಡಿಗೆ ಕೈ ಹಾಕಿದಳು. ಇಷ್ಟಿಷ್ಟೇ ತಿರುವಿ, ಅವನ ಮುಖ ನೋಡಿ, ಮತ್ತೆ ತಿರುವಿ, “ಹಿಂದಿನ ರಸ್ತಾ ಕಾಣತೈತಿ?” ಎಂದು ಕೇಳಿದಳು.

“ಕಾಣತೈತಿ.”

“ಹೆಗಲ ಹಿಚಕಿದ್ರ ಗೊತ್ತಾಕೈತಿ?”

“ಸೊಳ್ಳಿ ಕುಂತ್ರೂ ಗೊತ್ತಾಕೈತಿ.”

“ಹಂಗಾರ ಹೊಡೀರಿ. ನಲವತ್ತರ ಮ್ಯಾಲ ಹೋಗಬ್ಯಾಡ್ರಿ. ನಾ ಹಿಚಕಿದೆ ಅಂದ್ರ ಯಾಕ ಏನ ಅಂತ ನನ್ನ ಮಾರಿ ನೋಡಂಗಿಲ್ಲ. ಎಡಕ್ಕ ತಗೋಬೇಕು, ಅಷ್ಟ. ಒಂದ ಸಲ ಮಾರಿ ನೋಡಿದ್ರ ಅಲ್ಲೇ ಇಳದ ಹೋಗಾಕಿ ನಾ.”

ಸಾತವ್ವ ಬಲಗೈಯನ್ನು ಅವನ ಎಡ ಹೆಗಲ ಮೇಲೆ ಇಟ್ಟಳು. ಸಾರ್ವಜನಿಕ ರಸ್ತೆಯಲ್ಲಿ, ಹಾಡಹಗಲಿನಲ್ಲಿ ಅವಳು ಹಾಗೆ ಕೈ ಇಟ್ಟದ್ದು ಅದೇ ಮೊದಲು. ಉದ್ದಪ್ಪನ ಕಿವಿ ಬಿಸಿಯಾದವು. ಕಾರು ಮಣ್ಣಿನಿಂದ ಡಾಂಬರಿಗೆ ಹತ್ತಿತು.

ಒಂದು ಮೈಲು ಹೋಗಿರಬೇಕು, ಬೆರಳುಗಳು ಬಿಗಿದವು. ಉದ್ದಪ್ಪ ಎಡಕ್ಕೆ ತೆಗೆದುಕೊಂಡ. ಏನೂ ಬರಲಿಲ್ಲ. ಕನ್ನಡಿ ನೋಡಿದ, ಹಿಂದೆ ಖಾಲಿ ರಸ್ತೆ, ಎರಡೂ ಬದಿಗೆ ಕಬ್ಬು. ಪಾಪ, ಹೆದರಿಕೆಗೆ ಹಿಚಕುತ್ತಿದ್ದಾಳೆ ಎಂದುಕೊಂಡ. ಮುಖ ನೋಡಬೇಕೆನ್ನಿಸಿತು, ನೋಡಲಿಲ್ಲ. ಬೆರಳುಗಳು ಬಿಗಿದೇ ಇದ್ದವು. ಎಡಕ್ಕೇ ಹೋದ, ಇನ್ನೂ ಹೋದ. ಒಂದು ಸೇತುವೆ ದಾಟಿತು, ಒಂದು ಬಾವಿ ದಾಟಿತು. ಆಮೇಲೆ ಕನ್ನಡಿಯ ತುದಿಯಲ್ಲಿ, ಬಹಳ ಹಿಂದಿನ ತಿರುವಿನಲ್ಲಿ, ಕಬ್ಬಿನ ನಡುವಿನಿಂದ ಕೆಂಪಗೆ ಒಂದು ಚುಕ್ಕಿ ಹೊರಬಿತ್ತು. ಅದು ನಿಧಾನವಾಗಿ ಬೆಳೆದು, ಕಬ್ಬಿನ ಮರೆಯಲ್ಲಿದ್ದಾಗಲೇ ಅವಳ ಕಿವಿಗೆ ಬಿದ್ದಿದ್ದ ಬಸ್ಸಾಯಿತು, ಹತ್ತಿರ ಬಂದು, ಪುಟ್ಟ ಕಾರನ್ನು ದಾಟಿಕೊಂಡು, ಹುಕ್ಕೇರಿಯ ಕಡೆಗೆ ಹೋಯಿತು.