ಬೇಡ ಅಂದಾಗೆಲ್ಲ ಒಂದು ತಟ್ಟೆ

ಟೈಲರ್ ಯಶೋಧರಾ ರವಿಕೆಯನ್ನು ಒಳಮೈ ತಿರುಗಿಸಿ, ಹೊಲಿಗೆಯ ಅಂಚನ್ನು ಬೆರಳಿನಿಂದ ಸವರಿ ತೋರಿಸಿದಳು. "ಬಿಚ್ಚೋಕೆ ಒಳಗೆ ಬಟ್ಟೆನೇ ಇಲ್ಲ ರಾಧಕ್ಕ. ಹೋದ ಸಲನೇ ಎಲ್ಲಾ ಬಿಟ್ಟಾಯ್ತು."

ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಪಕ್ಕದಲ್ಲಿದ್ದ ಮಗಳು ಮೌನಿಕಾ ದುಪಟ್ಟಾ ಎಳೆದು ಹೊಟ್ಟೆ ಮುಚ್ಚಿಕೊಂಡದ್ದು ರಾಧಾಮಣಿಯ ಕಣ್ಣಿಗೆ ಬಿತ್ತು. ಚಿಂತಾಮಣಿಯಲ್ಲಿ ನಾದಿನಿಯ ಮಗಳು ಮಾಲಾಳ ನಿಶ್ಚಿತಾರ್ಥಕ್ಕೆಂದು ಮೌನಿಕಾ ತಾನೇ ಆರಿಸಿಟ್ಟುಕೊಂಡಿದ್ದ ಲಂಗ ದಾವಣಿಯ ರವಿಕೆ ಅದು.

ಅಂದು ಸಂಜೆಯಿಂದಲೇ ಹುಡುಗಿ ತಟ್ಟೆ ದೂಡತೊಡಗಿದಳು. ಮಾರನೆಯ ದಿನ ಡಬ್ಬಿ ಹೋದಂತೆಯೇ ಶಾಲೆಯಿಂದ ವಾಪಸು ಬಂತು. ಅತ್ತೆ ಮಂಗಮ್ಮ ಸೊಸೆಯನ್ನೇ ಗದರಿದರು. ಬೆಳೆಯುವ ಮಗು ಬಾಯಿ ಕೆಟ್ಟು ಕೂತಿದೆ, ನಾಲ್ಕು ಬೋಂಡ ಕರಿದುಕೊಡಬಾರದೇ ಎಂದರು. ರಾಧಾಮಣಿ ಕರಿದೂ ಕೊಟ್ಟಳು. ಬೋಂಡ ತಟ್ಟೆಯಲ್ಲೇ ಆರಿತು.

"ಒಂದು ತುತ್ತಾದ್ರೂ ತಿನ್ನಮ್ಮ" ಎಂದು ಹತ್ತಿರ ಕೂತಳು.

ಮೌನಿಕಾ ಸಿಟ್ಟಾಗಲಿಲ್ಲ. ಬಾರದ ಲೆಕ್ಕವನ್ನು ಕೇಳುವ ಹಾಗೆ ಕೇಳಿದಳು. "ಚಿಂತಾಮಣಿಗೆ ಹೋದ್ರೆ ಎಲ್ಲಾರೂ ಎಷ್ಟು ದಪ್ಪ ಆಗಿದ್ದೀಯ ಅಂತಾರೆ. ಇಲ್ಲಿ ನೀವು ತಿನ್ನು ತಿನ್ನು ಅಂತೀರ. ನಾನೇನ್ ಮಾಡ್ಲಿ, ನೀನೇ ಹೇಳಮ್ಮ."

ರಾಧಾಮಣಿ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಲು ಕೂತಳು.

ಎರಡು ವರ್ಷದ ಹಿಂದೆ ಮಗಳು ದೊಡ್ಡವಳಾದಾಗ ನೆಂಟರೆಲ್ಲ ಬಂದು ಆರತಿ ಎತ್ತಿ, ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ, ತುಪ್ಪ ಅಂತ ಬಾಯಿಗಿಟ್ಟಿದ್ದರು. ಅದು ಕೆಲವು ವಾರದ ಮಾತು, ಮುಗಿಯಿತು. ಮುಗಿಯದೆ ಉಳಿದದ್ದು ರಾಧಾಮಣಿ ತಾನಾಗಿ ಶುರು ಮಾಡಿದ್ದು. ಅಲ್ಲಿಯವರೆಗೆ ಹುಡುಗಿ ನಗರಗೆರೆಯ ಶಾಲೆಗೆ ಸೈಕಲ್ ತುಳಿಯುತ್ತಿದ್ದಳು. ರಸ್ತೆಯಲ್ಲಿ ಹುಡುಗರು ನಿಂತಿರ್ತಾರೆ, ಹುಷಾರು ಎಂದು ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಒಂದು ಮಾತು ಆಡಿದ್ದೇ ತಡ, ಸೈಕಲ್ ಕೊಟ್ಟಿಗೆ ಸೇರಿ ಬಾಗಿಲಿಗೆ ಆಟೋ ಬಂತು. ತಡವಾಗುತ್ತದೆಂದು ಖೋ ಖೋ ಬಿಡಿಸಿದಳು. ಸಂಜೆ ಆಡೋಕೆ ಹೋಗ್ಲಾ ಎಂದರೆ ಬೇಡಮ್ಮ ಎನ್ನುವಳು. ಮಗಳ ಮುಖ ಸಪ್ಪಗಾಗುವುದನ್ನು ನೋಡಲಾಗದೆ ಒಂದು ತಟ್ಟೆ ತುಂಬಿ ಕೈಗಿಡುವಳು. ಒಮ್ಮೆ ಬಜ್ಜಿ, ಒಮ್ಮೆ ನೂಡಲ್ಸ್, ಒಮ್ಮೆ ಗಂಡ ಉದಯಕುಮಾರ್ ಗೌರಿಬಿದನೂರಿನ ಕೆಲಸದಿಂದ ಬರುವಾಗ ತರುತ್ತಿದ್ದ ಬೇಕರಿ ಪಫ್ಸು. ತಟ್ಟೆಯ ಪಕ್ಕ ಮೊಬೈಲು. ಮಗು ನಗುತ್ತಿತ್ತು, ತಾಯಿಯ ಹೊಟ್ಟೆ ತಣ್ಣಗಾಗುತ್ತಿತ್ತು.

ತಾನು ಬೇಡ ಅಂದಾಗೆಲ್ಲ ಒಂದು ತಟ್ಟೆ ಕೊಟ್ಟಿದ್ದೇನೆ ಎಂದು ಹೊಳೆದಾಗ ತಿಕ್ಕುತ್ತಿದ್ದ ಕೈ ನಿಂತಿತು.

ಮರುದಿನ ಮನೆ ಕೆಲಸ ಮುಗಿಸಿ ಕೊಟ್ಟಿಗೆಗೆ ಹೋದಳು. ಕಡಲೆಕಾಯಿ ಚೀಲಗಳ ಹಿಂದಿನಿಂದ ಸೈಕಲ್ ಎಳೆದಳು. ಟೈರು ಬಿರುಕು ಬಿಟ್ಟಿತ್ತು. ಊರ ನಡುವೆ ತಾನೇ ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಒಯ್ದಳು. ಅಂಗಡಿಯ ವೆಂಕಟರವಣಪ್ಪ ಟೈರು ಬದಲಿಸಿ, ಸೀಟಿನ ಕಡೆ ನೋಡಿ ಸ್ಪ್ಯಾನರ್ ತೆಗೆದ. "ನಿಮ್ಮ ಹುಡುಗಿ ಉದ್ದ ಆಗಿದ್ದಾಳಲ್ಲಕ್ಕ, ಸೀಟು ಏರಿಸ್ಬೇಕು."

ಹೌದು, ಮಗಳು ಉದ್ದವೂ ಆಗಿದ್ದಳು. ಎಲ್ಲರ ಹಾಗೆ ಹೆತ್ತವಳೂ ಅದನ್ನು ನೋಡಿರಲಿಲ್ಲ.

ಸಂಜೆ ಮೌನಿಕಾ ಸೈಕಲ್ಲಿನ ಬೆಲ್ಲನ್ನು ಒಮ್ಮೆ ಮುಟ್ಟಿದಳು, ಬಾರಿಸಲಿಲ್ಲ. "ಈಗ ಬೇಡಮ್ಮ. ನೋಡಿದೋರು ನಗ್ತಾರೆ."

"ನಿಲ್ಲಿಸಿದ್ದು ನಾನು ಕಣೇ. ತಪ್ಪು ನಂದು, ನಿನ್ನ ಮೈಯದ್ದಲ್ಲ."

ಹುಡುಗಿ ಆ ಹೊತ್ತಿನ ಊಟಕ್ಕೆ ಬಂದು ಕೂತು, ಅರ್ಧ ಮುದ್ದೆ ಮುರಿದು ನಿಧಾನವಾಗಿ ನುಂಗಿದಳು. ಯಾರೂ ಇನ್ನೊಂದಿಷ್ಟು ಎನ್ನದಂತೆ ರಾಧಾಮಣಿ ಅತ್ತೆಯ ಕಡೆ ಕಣ್ಸನ್ನೆ ಮಾಡಿದಳು.

ಭಾನುವಾರ ಬಿಸಿಲು ಇಳಿದ ಮೇಲೆ ಮೌನಿಕಾ ಗೇಟಿನ ಬಳಿ ಸೈಕಲ್ ಹಿಡಿದು ನಿಂತಿದ್ದಳು. "ಕೆರೆ ಕಟ್ಟೆ ತನಕ ಹೋಗ್ಲಾ?"

ಕಟ್ಟೆಯ ಮೇಲೆ ಆ ಹೊತ್ತಿಗೆ ಹುಡುಗರು ಬೈಕ್ ನಿಲ್ಲಿಸಿಕೊಂಡು ಕೂತಿರುತ್ತಾರೆ. ಬೇಡ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮಗಳು ಅದನ್ನೇ ಕಾಯುತ್ತಿದ್ದಾಳೆ, ಅಂದುಬಿಟ್ಟರೆ ಹಗುರಾಗಿ ಒಳಗೆ ಬರುತ್ತಾಳೆ ಎಂಬುದೂ ತಾಯಿಗೆ ಕಂಡಿತು.

"ಹೋಗಿ ಬಾರಮ್ಮ" ಎಂದಳು.

ಸೈಕಲ್ ಅತ್ತಿತ್ತ ಓಲಾಡಿ, ನೆಟ್ಟಗಾಗಿ, ತಿರುವಿನಲ್ಲಿ ಮರೆಯಾಯಿತು. ಒಳಗಿನಿಂದ ಮಂಗಮ್ಮ, "ಮಗು ಸುಸ್ತಾಗಿ ಬರ್ತದೆ, ಏನಾದ್ರೂ ಕರಿಯೇ" ಎಂದರು.

ರಾಧಾಮಣಿ ಬಾಣಲೆಗೆ ಕೈ ಹಾಕಿದವಳು ಹಿಂದೆಗೆದಳು. "ಸೊಪ್ಪಿನ ಸಾರಿದೆ ಅತ್ತೆ. ಬಂದ ಮೇಲೆ ಮುದ್ದೆ ಮಾಡ್ತೀನಿ."

ಮತ್ತೆ ಗೇಟಿಗೆ ಬಂದಳು. ಕೈಯಲ್ಲಿ ತಟ್ಟೆಯಿಲ್ಲದೆ ಮಗಳನ್ನು ಕಾಯುವುದು ಹೇಗೆಂದು ತಿಳಿಯದೆ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಳು. ರವಿಕೆಯ ಹೊಲಿಗೆಯಂತೆ ಆ ಎರಡು ವರ್ಷವನ್ನು ಬಿಚ್ಚುವಂತಿರಲಿಲ್ಲ. ಕತ್ತಲಾಗುವ ಮೊದಲು ತಿರುವಿನ ಆಚೆ ಬೆಲ್ ಕೇಳಿತು. ಕಾಯುತ್ತಿದ್ದುದು ಮಗಳಿಗೆ ತಿಳಿಯಬಾರದೆಂದು ರಾಧಾಮಣಿ ಸರಸರ ಒಳಗೆ ಹೋಗಿ, ಒಲೆಯ ಮೇಲೆ ನೀರಿಟ್ಟಳು.